ಏರ್‌ಫ್ಲೋ: ವರ್ಕರ್ ಹೆಚ್ಚಿಸುವ ಮುಂಚೆ ಇದನ್ನು ನೋಡಿ

ನಮ್ಮ ತಂಡದ ರಾತ್ರಿ ಕೆಲಸವೆಲ್ಲ ನಡೆಯುವುದು ಅಪಾಚೆ ಏರ್‌ಫ್ಲೋ ಮೇಲೆ; ಡೇಟಾ ಕೆಲಸಗಳನ್ನು ಹೊತ್ತಿಗೆ ಸರಿಯಾಗಿ, ಒಂದರ ನಂತರ ಒಂದರಂತೆ ಓಡಿಸುವ ತಂತ್ರಾಂಶ ಅದು. ಅಂಗಡಿಗಳಿಂದ ಮಾರಾಟದ ಫೈಲುಗಳು ಬರುತ್ತವೆ. ಮಾಮೂಲಿ ದಿನ ಒಂದಷ್ಟು, ದೀಪಾವಳಿ ಹೊತ್ತಿಗೆ ಅದರ ಎರಡು ಮೂರು ಪಟ್ಟು. ಈ ರಾತ್ರಿ ಎಷ್ಟು ಬರುತ್ತವೆ ಅಂತ ಯಾರಿಗೂ ಮೊದಲೇ ಗೊತ್ತಿರಲ್ಲ. ಅದಕ್ಕೇ 2022ರಲ್ಲಿ 2.3 ಆವೃತ್ತಿಯ ಜೊತೆ ಬಂದ ಡೈನಾಮಿಕ್ ಟಾಸ್ಕ್ ಮ್ಯಾಪಿಂಗ್, ಅಂದರೆ ಎಷ್ಟು ಟಾಸ್ಕ್ (ಕೆಲಸದ ತುಂಡು) ಬೇಕೆಂದು ಓಡುವಾಗಲೇ ತೀರ್ಮಾನಿಸುವ ಸೌಲಭ್ಯ, ನನ್ನ ಪಾಲಿಗೆ ಏರ್‌ಫ್ಲೋದ ಅತಿ ದೊಡ್ಡ ಉಡುಗೊರೆ.

ಅದಕ್ಕೂ ಮುಂಚೆ ಬಹಳಷ್ಟು ತಂಡಗಳು ಡ್ಯಾಗ್ (ಟಾಸ್ಕ್‌ಗಳನ್ನೂ ಅವುಗಳ ಕ್ರಮವನ್ನೂ ಹೇಳುವ ನಕ್ಷೆ) ಫೈಲಿನೊಳಗೇ ಲೂಪ್ ಬರೆದು ಟಾಸ್ಕ್ ಹುಟ್ಟಿಸುತ್ತಿದ್ದವು. ಆ ಫೈಲನ್ನು ಏರ್‌ಫ್ಲೋ ಮತ್ತೆ ಮತ್ತೆ ಓದುತ್ತಲೇ ಇರುತ್ತದೆ. ಅಲ್ಲೊಂದು ಡೇಟಾಬೇಸ್ ಕ್ವೆರಿ ಇಟ್ಟರೆ ಓದಿದಾಗಲೆಲ್ಲ ಅದೂ ಓಡುತ್ತದೆ. ಈಗ ಹಾಗಿಲ್ಲ. ಮೊದಲ ಟಾಸ್ಕ್ ಫೈಲುಗಳ ಪಟ್ಟಿ ಕೊಟ್ಟರೆ ಸಾಕು, ಮ್ಯಾಪಿಂಗ್‌ನ ಎಕ್ಸ್‌ಪ್ಯಾಂಡ್ ಫಂಕ್ಷನ್ ಒಂದೊಂದಕ್ಕೂ ಒಂದು ಟಾಸ್ಕ್ ಮಾಡುತ್ತದೆ. ಒಂದು ಫೈಲು ಕೆಟ್ಟಿದ್ದರೆ ಅದೊಂದೇ ಕೆಂಪಾಗುತ್ತದೆ, ಅದನ್ನಷ್ಟೇ ಕ್ಲಿಯರ್ ಮಾಡಿ ಮತ್ತೆ ಓಡಿಸಬಹುದು. 2.9ರಿಂದ ಬರಿಯ ಸಂಖ್ಯೆಯ ಬದಲು ಅಂಗಡಿಯ ಹೆಸರೇ ಕಾಣುವಂತೆಯೂ ಮಾಡಬಹುದು. ನಡುರಾತ್ರಿ ಅಲರ್ಟ್ ಬಂದು ಎದ್ದು ಕೂತ ಹುಡುಗಿಗೆ ಇದೆಷ್ಟು ದೊಡ್ಡ ಉಪಕಾರ ಅಂತ ಆ ಪಾಳಿ ಮಾಡಿದವರಿಗೇ ಗೊತ್ತು.

ಕಷ್ಟ ಇರುವುದು ಆಮೇಲೆ. ಕೆಲಸ ನಿಧಾನ ಆಯಿತೆಂದರೆ ಎಲ್ಲರೂ ಮೊದಲು ಕೇಳುವುದು ಇನ್ನೆರಡು ವರ್ಕರ್, ಅಂದರೆ ಟಾಸ್ಕ್ ಓಡಿಸುವ ಪ್ರೋಗ್ರಾಂ. ಟಾಸ್ಕ್‌ಗಳನ್ನು ಹಲವು ವರ್ಕರ್‌ಗಳಿಗೆ ಹಂಚುವ ಸೆಲರಿಯಲ್ಲಿ (Celery) ಒಂದು ವರ್ಕರ್ ಡಿಫಾಲ್ಟ್ ಆಗಿ 16 ಟಾಸ್ಕ್ ಹಿಡಿಯುತ್ತದೆ, ಅಂದರೆ ನಾಲ್ಕಕ್ಕೆ 64. ಆದರೆ ಒಟ್ಟಿಗೆ ಎಷ್ಟು ಟಾಸ್ಕ್ ಓಡಬಹುದೆಂದು ಹೇಳುವ ಪ್ಯಾರಲೆಲಿಸಂ ಸೆಟ್ಟಿಂಗ್ ಒಂದು ಶೆಡ್ಯೂಲರ್‌ಗೆ (ಯಾವ ಟಾಸ್ಕ್ ಯಾವಾಗ ಎಂದು ನಿರ್ಧರಿಸುವ ಭಾಗಕ್ಕೆ) ಡಿಫಾಲ್ಟ್ ಆಗಿ 32ರಲ್ಲೇ ನಿಂತಿರುತ್ತದೆ. ಒಂದು ಡ್ಯಾಗ್‌ನ ಒಂದು ಓಟಕ್ಕೆ ಸಿಗುವುದು ಇನ್ನೂ ಕಡಿಮೆ, 16. ಇವನ್ನು ಮುಟ್ಟದೆ ಎಷ್ಟೇ ವರ್ಕರ್ ಹಾಕಿ, ಆ ರಾತ್ರಿಯ ಓಟದಲ್ಲಿ ಒಟ್ಟಿಗೆ ಹದಿನಾರರ ಮೇಲೆ ಓಡುವುದಿಲ್ಲ; ಸರ್ವರ್ ಬಾಡಿಗೆ ಮಾತ್ರ ಏರುತ್ತದೆ. ಡಾಕ್ಯುಮೆಂಟೇಶನ್‌ನಲ್ಲಿ ಇದೆಲ್ಲ ಇದೆ, ಆದರೆ ಚದುರಿಹೋಗಿದೆ. ಒಂದೇ ಪುಟದಲ್ಲಿ, ಒಂದು ಚಿತ್ರದ ಜೊತೆ ಇರಬೇಕಿತ್ತು.

ಮ್ಯಾಪಿಂಗ್‌ಗೂ ಒಂದು ಡಿಫಾಲ್ಟ್ ಮಿತಿಯಿದೆ: 1024. ಪಟ್ಟಿ ಅದಕ್ಕಿಂತ ಉದ್ದವಾದರೆ ಪಟ್ಟಿ ಕೊಟ್ಟ ಟಾಸ್ಕೇ ಫೇಲ್ ಆಗುತ್ತದೆ. ಆ ಸಂಖ್ಯೆಯನ್ನು ಏರಿಸಬಹುದು, ನಾನು ಏರಿಸಲ್ಲ. ಸಣ್ಣ ಫೈಲುಗಳನ್ನು ಐವತ್ತೈವತ್ತರ ಕಟ್ಟು ಮಾಡಿ ಒಂದೊಂದು ಕಟ್ಟಿಗೆ ಒಂದು ಟಾಸ್ಕ್ ಕೊಡುತ್ತೇನೆ, ಶೆಡ್ಯೂಲರ್ ಮೇಲಿನ ಭಾರವೂ ಇಳಿಯುತ್ತದೆ. ಟಾಸ್ಕ್‌ಗಳ ನಡುವೆ ದಾಟಿಸುವುದು ಫೈಲಿನ ದಾರಿ ಮಾತ್ರ, ಡೇಟಾ ಅಲ್ಲ. ಹೀಗೆ ದಾಟಿಸುವ ವ್ಯವಸ್ಥೆಯ ಹೆಸರು ಎಕ್ಸ್‌ಕಾಮ್, ಅದು ಡಿಫಾಲ್ಟ್ ಆಗಿ ಹೋಗಿ ಕೂರುವುದು ಏರ್‌ಫ್ಲೋದ ಸ್ವಂತ ಡೇಟಾಬೇಸಿನಲ್ಲಿ.

ಸೆಲರಿ ಬದಲು ಬಳಸಬಹುದಾದ ಕುಬರ್ನೆಟಿಸ್ ಎಕ್ಸಿಕ್ಯೂಟರ್ ಒಂದೊಂದು ಟಾಸ್ಕಿಗೂ ಒಂದು ಪಾಡ್ (ಕುಬರ್ನೆಟಿಸ್‌ನಲ್ಲಿ ಪ್ರೋಗ್ರಾಂ ಓಡುವ ಪುಟ್ಟ ಘಟಕ) ಎಬ್ಬಿಸುತ್ತದೆ. ಗಂಟೆಗಟ್ಟಲೆ ಓಡುವ ಭಾರಿ ಕೆಲಸಕ್ಕೆ ಒಳ್ಳೆಯದೇ. ಸೆಕೆಂಡುಗಳಲ್ಲಿ ಮುಗಿಯುವ ನಮ್ಮಂಥ ಕೆಲಸಕ್ಕೆ ಪಾಡ್ ಏಳುವುದರಲ್ಲೇ ಹೊತ್ತು ಹೋಗುತ್ತದೆ. ನಮಗೆ ಹೊಂದಿದ್ದು ಸೆಲರಿ ಮತ್ತು ಕೇಡಾ (KEDA, ಕುಬರ್ನೆಟಿಸ್‌ನಲ್ಲಿ ಕೆಲಸಕ್ಕೆ ತಕ್ಕಂತೆ ಪಾಡ್ ಏರಿಸಿ ಇಳಿಸುವ ಸಾಧನ) ಜೋಡಿ. ಓಡುತ್ತಿರುವ ಮತ್ತು ಸರದಿಯಲ್ಲಿರುವ ಟಾಸ್ಕ್‌ಗಳನ್ನು ಎಣಿಸಿ ಕೇಡಾ ತಾನೇ ವರ್ಕರ್ ಏರಿಸುತ್ತದೆ, ಕೆಲಸವಿಲ್ಲದಾಗ ಸೊನ್ನೆಗೂ ಇಳಿಸುತ್ತದೆ. ಇಳಿಸುವಾಗ ಮಾತ್ರ ವರ್ಕರ್‌ಗೆ ಕೈಯಲ್ಲಿರುವ ಟಾಸ್ಕ್ ಮುಗಿಸುವಷ್ಟು ಸಮಯ ಕೊಟ್ಟಿರಬೇಕು.

ಈ ಮಿತಿಗಳನ್ನೆಲ್ಲ ಸಡಿಲಿಸುವ ಮುನ್ನ ಒಂದು ಪೂಲ್ ಮಾಡಿಟ್ಟುಕೊಳ್ಳಿ; ಅದಕ್ಕೆ ಸೇರಿಸಿದ ಟಾಸ್ಕ್‌ಗಳಲ್ಲಿ ಒಟ್ಟಿಗೆ ಎಷ್ಟು ಓಡಬಹುದೆಂದು ಅದರ ಸ್ಲಾಟ್‌ಗಳು ಹೇಳುತ್ತವೆ. ನಿಮ್ಮ ಮೂಲ ಡೇಟಾಬೇಸ್ ಎಂಟು ಕನೆಕ್ಷನ್ ತಾಳುವುದಾದರೆ ಪೂಲ್‌ಗೂ ಎಂಟೇ ಸ್ಲಾಟ್. ಆ ಡೇಟಾಬೇಸ್ ಮುಟ್ಟುವ ಟಾಸ್ಕ್‌ಗಳನ್ನೆಲ್ಲ ಈ ಪೂಲ್‌ಗೆ ಸೇರಿಸಿದರೆ, ವರ್ಕರ್ ನೂರಾದರೂ ಒಟ್ಟಿಗೆ ಅದರ ಮೇಲೆ ಬೀಳುವ ಟಾಸ್ಕ್ ಎಂಟನ್ನು ದಾಟುವುದಿಲ್ಲ.