ಆರ್ಕೆಸ್ಟ್ರೇಟರ್ ಇಲ್ಲದೆ ಹಿನ್ನೆಲೆ ಕೆಲಸ: ಕಲಬುರಗಿಯ ದಲಾಲಿ ಅಂಗಡಿಯಲ್ಲಿ ಹ್ಯೂಯಿ

ಕಲಬುರಗಿಯ ಗಂಜ್‌ನಲ್ಲಿ ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ತೊಗರಿಯ ಆವಕ ಜೋರಾಗಿರುತ್ತದೆ. ಆ ದಿನಗಳಲ್ಲಿ ದಲಾಲಿ ಅಂಗಡಿಯೊಂದರಲ್ಲಿ ತೂಕ ಮುಗಿಯುತ್ತಲೇ ಒಬ್ಬೊಬ್ಬ ರೈತರ ಹೆಸರಿಗೂ ಲೆಕ್ಕದ ಪಟ್ಟಿ ಸಿದ್ಧವಾಗಬೇಕು, ಅದರ ಪಿಡಿಎಫ್ ಪ್ರತಿ ಕಡತಕ್ಕೆ ಸೇರಬೇಕು, ಎಷ್ಟು ಕ್ವಿಂಟಲ್, ಯಾವ ದರ, ಒಟ್ಟು ಮೊತ್ತ ಎಷ್ಟು ಎಂಬ ಸಂದೇಶ ಅವರ ಮೊಬೈಲಿಗೆ ಹೋಗಬೇಕು. ಗುಮಾಸ್ತರು ಪರದೆಯ ಮೇಲೆ ‘ಉಳಿಸು’ ಒತ್ತಿದ ಕೂಡಲೇ ಮುಂದಿನ ರೈತರ ಚೀಲಗಳನ್ನು ಬರೆದುಕೊಳ್ಳಲು ಅಣಿಯಾಗಬೇಕೇ ಹೊರತು ಪಿಡಿಎಫ್ ಆಗುವವರೆಗೆ, ಸಂದೇಶ ಹೋಗುವವರೆಗೆ ಕಾಯುತ್ತ ಕೂರುವಂತಿರಬಾರದು. ಹಾಗಾಗಿ ಈ ಕೆಲಸಗಳು ಹಿನ್ನೆಲೆಯಲ್ಲಿ ನಡೆಯಬೇಕಾಗುತ್ತದೆ. ಇಂಥ ಅಂಗಡಿಗಳಿಗೆ ಲೆಕ್ಕದ ತಂತ್ರಾಂಶ ಬರೆದುಕೊಡುವ ನಾವು ಇದಕ್ಕಾಗಿ ಬಳಸುತ್ತಿರುವುದು, ಕೆಲಸಗಳನ್ನು ಸರತಿಯಲ್ಲಿಟ್ಟು ಹಿನ್ನೆಲೆಯಲ್ಲಿ ನಡೆಸುವ ಹ್ಯೂಯಿ ಎಂಬ ಪೈಥಾನ್ ಲೈಬ್ರರಿಯ 2ನೇ ಸರಣಿಯನ್ನು. ಚಾರ್ಲ್ಸ್ ಲೈಫರ್ ಅವರು ಬರೆದ, ಎಂಐಟಿ ಪರವಾನಗಿಯಲ್ಲಿ ಉಚಿತವಾಗಿ ಸಿಗುವ ಈ ಲೈಬ್ರರಿ ಎಲ್ಲಿ ಸಾಕಾಗುತ್ತದೆ, ಯಾವುದನ್ನು ಬಳಸುವವರೇ ಕಟ್ಟಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಗಮನಿಸಬೇಕಾದದ್ದು ಕೆಲಸದ ಸ್ವರೂಪವನ್ನು. ಒಬ್ಬ ರೈತರ ಪಟ್ಟಿ ಇನ್ನೊಬ್ಬರ ಪಟ್ಟಿಗಾಗಿ ಕಾಯುವುದಿಲ್ಲ. ಒಂದು ಸಂದೇಶ ಹೋಗದೆ ಉಳಿದರೆ ಉಳಿದವು ನಿಲ್ಲಬೇಕಾಗಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮಕ್ಕೆ ಬೆಲೆಯಿಲ್ಲ. ಹಲವು ಹಂತಗಳ ಕೆಲಸವನ್ನು ಕ್ರಮವಾಗಿ ನಡೆಸುವ ಏರ್‌ಫ್ಲೋದಂಥ ಆರ್ಕೆಸ್ಟ್ರೇಟರ್‌ಗಳು ಹುಟ್ಟಿದ್ದು ಇದಕ್ಕೆ ತದ್ವಿರುದ್ಧವಾದ ಅಗತ್ಯದಿಂದ. 2014ರಲ್ಲಿ ಏರ್‌ಬಿಎನ್‌ಬಿ ಕಂಪನಿಯೊಳಗೆ ಮ್ಯಾಕ್ಸಿಮ್ ಬೋಶ್‌ಮ್ಯಾ ಅವರು ಆರಂಭಿಸಿದ ಏರ್‌ಫ್ಲೋ, ಒಂದು ಹಂತದ ಫಲಿತಾಂಶವನ್ನು ನೆಚ್ಚಿಕೊಂಡು ಇನ್ನೊಂದು ಹಂತ ನಡೆಯುವ ದತ್ತಾಂಶದ ಕೆಲಸಗಳಿಗೆ ಹೇಳಿ ಮಾಡಿಸಿದ್ದು: ಹತ್ತು ಕಡೆಯಿಂದ ಮಾಹಿತಿ ತಂದು, ಶುದ್ಧಗೊಳಿಸಿ, ಜೋಡಿಸಿ, ಕೊನೆಗೆ ವರದಿ ಮಾಡುವಾಗ ನಡುವಿನ ಒಂದು ಕೊಂಡಿ ತಪ್ಪಿದರೆ ಎಲ್ಲಿಂದ ಮತ್ತೆ ಶುರು ಮಾಡಬೇಕೆಂಬುದು ಅದಕ್ಕೆ ಗೊತ್ತಿರುತ್ತದೆ. ಆ ಜ್ಞಾನಕ್ಕಾಗಿ ಅದು ಪ್ರತ್ಯೇಕ ಶೆಡ್ಯೂಲರ್, ವೆಬ್ ಸರ್ವರ್ ಮತ್ತು ತನ್ನದೇ ಡೇಟಾಬೇಸ್ ಕೇಳುತ್ತದೆ. ತಂತ್ರಾಂಶವನ್ನು ಅದರ ಪರಿಕರಗಳೊಂದಿಗೆ ಒಂದೇ ಪೊಟ್ಟಣವಾಗಿ ಓಡಿಸುವ ಡಾಕರ್‌ನಲ್ಲಿ ನಡೆಸುವವರು ಕನಿಷ್ಠ 4 ಜಿಬಿ ಮೆಮೊರಿ ಕೊಡಬೇಕು, 8 ಜಿಬಿ ಇದ್ದರೆ ಒಳ್ಳೆಯದು ಎಂದು ಅದರ ಕೈಪಿಡಿಯೇ ಹೇಳುತ್ತದೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರುವ ಒಂದೇ ಒಂದು ಕಂಪ್ಯೂಟರಿನ ಮೇಲೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಕೆಲಸಗಳಿಗಾಗಿ ಇಷ್ಟನ್ನೆಲ್ಲ ಹೇರುವುದು ಸರಿಯಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಹಾಗಾದರೆ ವೆಬ್ ಸರ್ವರಿನೊಳಗೇ ಒಂದು ಥ್ರೆಡ್ (ಅದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ) ತೆರೆದು ಕೆಲಸ ಮುಗಿಸಬಾರದೇ ಎಂದು ಕೇಳುವವರಿದ್ದಾರೆ. ಸರ್ವರ್ ಮರುಪ್ರಾರಂಭವಾದರೆ ಆ ಥ್ರೆಡ್ ಮತ್ತು ಅದರೊಳಗಿದ್ದ ಬಾಕಿ ಕೆಲಸ ಎರಡೂ ಯಾವ ಗುರುತೂ ಉಳಿಯದಂತೆ ಹೋಗುತ್ತವೆ. ಒಂದು ಸಂದೇಶ ಹೋಗಲಿಲ್ಲ ಎಂಬುದು ರೈತರು ಅಂಗಡಿಗೆ ಬಂದು ಕೇಳಿದಾಗಲೇ ತಿಳಿಯುವಂಥ ವ್ಯವಸ್ಥೆಯನ್ನು ಹಣದ ವ್ಯವಹಾರದಲ್ಲಿ ಇಟ್ಟುಕೊಳ್ಳಬಾರದು.

ಹ್ಯೂಯಿಯನ್ನು ಅಳವಡಿಸುವುದು ನಿಜಕ್ಕೂ ಸುಲಭ. ಈಗಾಗಲೇ ಬರೆದಿರುವ ಫಂಕ್ಷನ್ನಿನ ತಲೆಯ ಮೇಲೆ ಅದರ ಟಾಸ್ಕ್ ಡೆಕೊರೇಟರ್ (ಫಂಕ್ಷನ್ನಿನ ನಡವಳಿಕೆ ಬದಲಿಸುವ ಒಂದು ಸಾಲು) ಹಾಕಿದರೆ ಸಾಕು. ಆಮೇಲೆ ಆ ಫಂಕ್ಷನ್ನನ್ನು ಕರೆದಾಗ ಅದು ಆ ಕ್ಷಣದಲ್ಲಿ ನಡೆಯದೆ ಸರತಿಗೆ ಸೇರುತ್ತದೆ, ಬೇರೊಂದು ಪ್ರೋಸೆಸ್ (ಪ್ರತ್ಯೇಕ ಪ್ರೋಗ್ರಾಂ) ಆಗಿ ಓಡುತ್ತಿರುವ ಕನ್ಸ್ಯೂಮರ್ ಅದನ್ನು ಎತ್ತಿಕೊಂಡು ನಡೆಸುತ್ತದೆ. ಏನನ್ನೂ ಹೇಳದಿದ್ದರೆ ಕನ್ಸ್ಯೂಮರಿನಲ್ಲಿ ಕೆಲಸ ನಡೆಸುವ ವರ್ಕರ್ ಒಂದೇ ಇರುತ್ತದೆ, ಅದೂ ಥ್ರೆಡ್ ರೂಪದಲ್ಲಿ. ಸಂದೇಶ ಕಳುಹಿಸುವುದು ಬಹುಮಟ್ಟಿಗೆ ಕಾಯುವ ಕೆಲಸವಾದ್ದರಿಂದ ಅದಕ್ಕೆ ಥ್ರೆಡ್‌ಗಳು ಸಾಕು. ಪಿಡಿಎಫ್ ತಯಾರಿಕೆ ಹಾಗಲ್ಲ; ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡಲೆಂದು ನಾವು ಆರಿಸಿಕೊಂಡ ವೀಸಿಪ್ರಿಂಟ್ ಎಂಬ ಪಿಡಿಎಫ್ ಲೈಬ್ರರಿ ಪ್ರೊಸೆಸರನ್ನು ಸಾಕಷ್ಟು ದುಡಿಸುತ್ತದೆ, ಆದ್ದರಿಂದ ಅಲ್ಲಿ ವರ್ಕರ್‌ಗಳನ್ನು ಪ್ರೋಸೆಸ್ ರೂಪದಲ್ಲಿ ಓಡಿಸುವುದು ಮೇಲು. ಎರಡಕ್ಕೂ ಬೇರೆ ಬೇರೆ ಸರತಿ, ಬೇರೆ ಬೇರೆ ಕನ್ಸ್ಯೂಮರ್ ಇಟ್ಟರೆ ಪಟ್ಟಿಗಳ ರಾಶಿಯ ಹಿಂದೆ ಸಂದೇಶಗಳು ಸಿಕ್ಕಿಕೊಳ್ಳುವುದಿಲ್ಲ.

ಸರತಿಯನ್ನು ಎಲ್ಲಿಡಬೇಕೆಂಬುದಕ್ಕೆ ಹ್ಯೂಯಿ ಹಲವು ದಾರಿ ಕೊಡುತ್ತದೆ: ರೆಡಿಸ್ ಎಂಬ ದತ್ತಾಂಶ ಸರ್ವರ್, ಒಂದೇ ಕಡತದಲ್ಲಿರುವ ಡೇಟಾಬೇಸಾದ ಎಸ್‌ಕ್ಯೂಲೈಟ್, ಬರಿಯ ಕಡತಗಳು, ಪರೀಕ್ಷೆಗಾಗಿ ಮೆಮೊರಿ. ನಾವು ಆರಿಸಿಕೊಂಡದ್ದು ಎಸ್‌ಕ್ಯೂಲೈಟ್. ಇನ್ನೊಂದು ಸರ್ವರ್ ಸಾಕುವ ಗೋಜಿಲ್ಲ, ಸರತಿ ಎಂದರೆ ಡಿಸ್ಕಿನ ಮೇಲಿನ ಒಂದು ಕಡತ, ಅಷ್ಟೆ. ಆದರೆ ಈ ಆಯ್ಕೆಯೊಳಗಿರುವ ಒಂದು ಸೆಟ್ಟಿಂಗನ್ನು ನಮ್ಮ ಭಾಗದವರು ವಿಶೇಷವಾಗಿ ತಿಳಿದಿರಬೇಕು. ಹ್ಯೂಯಿಯ ಎಸ್‌ಕ್ಯೂಲೈಟ್ ಸಂಗ್ರಹದಲ್ಲಿ ಎಫ್‌ಸಿಂಕ್ ಎಂಬ ಆಯ್ಕೆ ಪೂರ್ವನಿಯೋಜಿತವಾಗಿ ಆಫ್ ಆಗಿರುತ್ತದೆ. ಅಂದರೆ ಬರೆದದ್ದನ್ನು ಆಪರೇಟಿಂಗ್ ಸಿಸ್ಟಂಗೆ ಒಪ್ಪಿಸಿ ಮುಂದೆ ಹೋಗುತ್ತದೆಯೇ ಹೊರತು ಅದು ಡಿಸ್ಕಿಗೆ ನಿಜವಾಗಿ ಇಳಿಯಿತೇ ಎಂದು ಕಾಯುವುದಿಲ್ಲ. ಪ್ರೋಗ್ರಾಂ ಮಾತ್ರ ಬಿದ್ದುಹೋದರೆ ಇದರಿಂದ ತೊಂದರೆಯಿಲ್ಲ. ಕರೆಂಟ್ ಹೋಗಿ ಇಡೀ ಯಂತ್ರ ನಿಂತರೆ ಕೊನೆಗೆ ಸೇರಿಸಿದ ಕೆಲಸಗಳು ಕಳೆದುಹೋಗಬಹುದು, ಡೇಟಾಬೇಸ್ ಕಡತವೇ ಕೆಡಲೂಬಹುದು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರಿನಲ್ಲಿ, ಬ್ಯಾಟರಿ ಸೋತ ಯುಪಿಎಸ್‌ಗಳ ನಡುವೆ ಕೆಲಸ ಮಾಡುವವರು ಎಫ್‌ಸಿಂಕ್ ಆನ್ ಮಾಡಿಯೇ ಬಳಸಬೇಕು. ಬರೆಯುವ ವೇಗ ತಗ್ಗುತ್ತದೆ ಎಂಬುದು ನಿಜ. ಆದರೆ ಗುಮಾಸ್ತರು ಕೈಯಿಂದ ತುಂಬುವ ಪಟ್ಟಿಗಳ ಪ್ರಮಾಣಕ್ಕೆ ಆ ವ್ಯತ್ಯಾಸ ಕಾಣುವುದೇ ಇಲ್ಲ. ಈ ಕಡತವನ್ನು ನೆಟ್‌ವರ್ಕಿನಲ್ಲಿ ಹಂಚಿಕೊಂಡ ಫೋಲ್ಡರಿನಲ್ಲಿ ಇಡಬಾರದು ಎಂಬುದನ್ನೂ ಸೇರಿಸುತ್ತೇನೆ, ಏಕೆಂದರೆ ಹ್ಯೂಯಿ ಬಳಸುವ ಎಸ್‌ಕ್ಯೂಲೈಟ್‌ನ ವಾಲ್ ವಿಧಾನ (ಬದಲಾವಣೆಗಳನ್ನು ಮೊದಲು ಬೇರೊಂದು ಕಡತದಲ್ಲಿ ಬರೆದಿಡುವುದು) ಒಂದೇ ಯಂತ್ರದೊಳಗಿನ ಪ್ರೋಸೆಸ್‌ಗಳಿಗಷ್ಟೇ ಹೊಂದುತ್ತದೆ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ವರ್ಕರ್ ಒಂದು ಕೆಲಸವನ್ನು ಎತ್ತಿಕೊಂಡ ಕ್ಷಣವೇ ಹ್ಯೂಯಿ ಆ ಸಾಲನ್ನು ಸರತಿಯಿಂದ ಅಳಿಸುತ್ತದೆ. ಕೆಲಸದ ನಡುವೆ ಯಂತ್ರ ನಿಂತರೆ ಆ ಕೆಲಸ ತಾನಾಗಿ ಮರಳಿ ಬರುವುದಿಲ್ಲ. ಇದನ್ನು ದೋಷವೆಂದು ನಾನು ಕರೆಯುವುದಿಲ್ಲ, ಏಕೆಂದರೆ ಹಣದ ಲೆಕ್ಕದಲ್ಲಿ ಒಂದೇ ಕೆಲಸ ಎರಡು ಸಲ ನಡೆಯುವುದೂ ಅಷ್ಟೇ ಕೆಟ್ಟದ್ದು. ಆದರೆ ಇದರಿಂದ ಹೊರಡುವ ನಿಯಮವನ್ನು ಬಿಡುವಂತಿಲ್ಲ: ಯಾವ ಪಟ್ಟಿ ಬಾಕಿ, ಯಾವುದು ಮುಗಿದಿದೆ ಎಂಬ ಸತ್ಯ ನಮ್ಮ ಲೆಕ್ಕದ ಡೇಟಾಬೇಸಿನಲ್ಲೇ ಇರಬೇಕು. ಹ್ಯೂಯಿಯ ಸರತಿ ಬಾಗಿಲಿನ ಗಂಟೆಯಿದ್ದಂತೆ. ಕೆಲಸವಿದೆ ಎಂದು ಅದು ಕೂಗಿ ಹೇಳುತ್ತದೆ, ಲೆಕ್ಕ ಇಡುವುದಿಲ್ಲ.

ನಾವು ಮಾಡಿರುವುದು ಹೀಗೆ. ಪಟ್ಟಿಯ ಕೋಷ್ಟಕದಲ್ಲಿ ಸಂದೇಶದ ಸ್ಥಿತಿ ಎಂಬ ಒಂದು ಕಾಲಂ ಇದೆ. ಪಟ್ಟಿ ಉಳಿದಾಗ ಅದು ‘ಬಾಕಿ’ ಆಗಿರುತ್ತದೆ. ವರ್ಕರ್ ಕೆಲಸ ಆರಂಭಿಸುವಾಗ ಆ ಪಟ್ಟಿಯನ್ನು ‘ಬಾಕಿ’ಯಿಂದ ‘ನಡೆಯುತ್ತಿದೆ’ಗೆ ಬದಲಿಸುವ ಷರತ್ತಿನ ಅಪ್‌ಡೇಟ್ ಓಡಿಸುತ್ತದೆ, ಒಂದು ಸಾಲು ಬದಲಾದರೆ ಮಾತ್ರ ಮುಂದುವರಿಯುತ್ತದೆ, ಇಲ್ಲವಾದರೆ ಬೇರೆಯವರು ಹಿಡಿದಿದ್ದಾರೆಂದು ಸುಮ್ಮನೆ ಹಿಂದಿರುಗುತ್ತದೆ. ಇದರ ಜೊತೆಗೆ ಕೆಲವು ನಿಮಿಷಗಳಿಗೊಮ್ಮೆ ಓಡುವ ಒಂದು ಕೆಲಸ, ಬಹಳ ಹೊತ್ತಿನಿಂದ ‘ಬಾಕಿ’ಯಾಗಿ ನಿಂತ ಪಟ್ಟಿಗಳನ್ನು ಹುಡುಕಿ ಮತ್ತೆ ಸರತಿಗೆ ಹಾಕುತ್ತದೆ. ‘ನಡೆಯುತ್ತಿದೆ’ ಎಂಬಲ್ಲೇ ನಿಂತವುಗಳನ್ನು ಮಾತ್ರ ತಾನಾಗಿ ಕಳುಹಿಸದೆ ಗುಮಾಸ್ತರ ಪರದೆಗೆ ತರುತ್ತದೆ. ಸಂದೇಶ ಹೋದ ಮೇಲೆ ಯಂತ್ರ ನಿಂತಿತೋ, ಹೋಗುವ ಮುಂಚೆಯೇ ನಿಂತಿತೋ ಎಂಬುದನ್ನು ಕೋಡ್ ಊಹಿಸಲಾರದು, ಮತ್ತು ಒಂದೇ ಮೊತ್ತದ ಸಂದೇಶ ಎರಡು ಸಲ ಬಂದರೆ ರೈತರು ಎರಡು ಪಾವತಿ ಎಂದುಕೊಳ್ಳುವ ಸಾಧ್ಯತೆಯಿದೆ. ಪಿಡಿಎಫ್ ವಿಷಯದಲ್ಲಿ ಈ ಚಿಂತೆಯಿಲ್ಲ. ಪಟ್ಟಿಯ ಸಂಖ್ಯೆಯನ್ನೇ ಕಡತದ ಹೆಸರಾಗಿ ಇಟ್ಟರೆ ಎಷ್ಟು ಸಲ ತಯಾರಿಸಿದರೂ ಒಂದೇ ಕಡತ ಉಳಿಯುತ್ತದೆ.

ಸರತಿಗೆ ಹಾಕುವ ಗಳಿಗೆಯೂ ಮುಖ್ಯ. ಪಟ್ಟಿ ಡೇಟಾಬೇಸಿನಲ್ಲಿ ಕಮಿಟ್ ಆಗುವ, ಅಂದರೆ ಕಾಯಂ ಆಗಿ ದಾಖಲಾಗುವ, ಮುಂಚೆಯೇ ಕೆಲಸ ಸರತಿಗೆ ಬಿದ್ದರೆ, ಚುರುಕಾದ ವರ್ಕರ್ ಇನ್ನೂ ಕಾಣದ ಸಾಲನ್ನು ಹುಡುಕಿ ಸೋಲುತ್ತದೆ. ಕಮಿಟ್ ಆದ ಬಳಿಕವೇ ಹಾಕಬೇಕು.

ಮರುಪ್ರಯತ್ನದ ಸೌಲಭ್ಯ ಚೆನ್ನಾಗಿದೆ. ಎಷ್ಟು ಸಲ, ಎಷ್ಟು ಸೆಕೆಂಡುಗಳ ಅಂತರದಲ್ಲಿ ಎಂದು ಡೆಕೊರೇಟರಿನಲ್ಲೇ ಹೇಳಬಹುದು. ಏನೂ ಹೇಳದಿದ್ದರೆ ಮರುಪ್ರಯತ್ನವೇ ಇಲ್ಲ. ಕಾಯುವ ಅವಧಿಯಲ್ಲಿ ವರ್ಕರ್ ಅಡ್ಡಗಟ್ಟಿ ಕೂರುವುದಿಲ್ಲ, ಕೆಲಸ ವೇಳಾಪಟ್ಟಿಗೆ ಹೋಗಿ ಸಮಯ ಬಂದಾಗ ಸರತಿಗೆ ಮರಳುತ್ತದೆ. ಆದರೆ ಯಾವ ಸೋಲನ್ನು ಮತ್ತೆ ಪ್ರಯತ್ನಿಸಬೇಕೆಂಬ ವಿವೇಚನೆ ನಮ್ಮದೇ. ನೆಟ್‌ವರ್ಕ್ ಕಡಿದುಹೋದರೆ ಮತ್ತೆ ಪ್ರಯತ್ನಿಸುವುದು ಸರಿ. ಸಂದೇಶ, ವಾಣಿಜ್ಯ ಸಂದೇಶಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ಒಪ್ಪಿಗೆ ಪಡೆದ ಮಾದರಿಗೆ ಹೊಂದದೆ ತಿರಸ್ಕೃತವಾದರೆ ಸಾವಿರ ಸಲ ಕಳುಹಿಸಿದರೂ ಅದೇ ಉತ್ತರ ಬರುತ್ತದೆ, ಅದನ್ನು ಕೂಡಲೇ ನಿಲ್ಲಿಸಿ ಮನುಷ್ಯರ ಗಮನಕ್ಕೆ ತರಬೇಕು. ಹಾಗೆಯೇ ಹೊರಗಿನ ಸರ್ವರ್‌ಗಳನ್ನು ಕರೆಯಲು ಬಳಸುವ ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿಗೆ ಸಮಯಮಿತಿ ಕೊಡದಿದ್ದರೆ ಅದು ಉತ್ತರಕ್ಕಾಗಿ ಮಿತಿಯಿಲ್ಲದೆ ಕಾಯಬಲ್ಲದು. ಒಂದೇ ವರ್ಕರ್ ಇದ್ದಲ್ಲಿ ಇಡೀ ಸರತಿ ಅಲ್ಲಿಗೆ ನಿಂತಂತೆ. ಹೊರಗಿನ ಪ್ರತಿ ಕರೆಗೂ ಸಮಯಮಿತಿ ಹಾಕಲೇಬೇಕು.

ನಿಯತಕಾಲಿಕ ಕೆಲಸಗಳಲ್ಲಿ ಎರಡು ವಿಷಯ ಗಮನಿಸಬೇಕು. ಕೆಲಸ ಯಾವಾಗ ಓಡಬೇಕೆಂದು ಬರೆಯುವ ಕ್ರಾನ್‌ಟ್ಯಾಬ್ ವೇಳೆಯನ್ನು ಹ್ಯೂಯಿ ಪೂರ್ವನಿಯೋಜಿತವಾಗಿ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿಯಲ್ಲಿ ಓದುತ್ತದೆ. ರಾತ್ರಿ 9ಕ್ಕೆ ದಿನದ ಮೊತ್ತದ ವರದಿ ಬೇಕೆಂದು 21 ಎಂದು ಬರೆದರೆ ಅದು ನಮ್ಮಲ್ಲಿ ನಸುಕಿನ 2.30ಕ್ಕೆ ಓಡುತ್ತದೆ. ಯುಟಿಸಿ ಆಯ್ಕೆಯನ್ನು ಆಫ್ ಮಾಡಿದರೆ ಸ್ಥಳೀಯ ವೇಳೆ ಹಿಡಿಯುತ್ತದೆ. ಎರಡನೆಯದು, ನಿಗದಿತ ನಿಮಿಷದಲ್ಲಿ ಕನ್ಸ್ಯೂಮರ್ ಓಡುತ್ತಿರದಿದ್ದರೆ ಆ ಸರದಿ ತಪ್ಪಿದಂತೆಯೇ, ಆಮೇಲೆ ಅದನ್ನು ತುಂಬಿಕೊಡುವ ವ್ಯವಸ್ಥೆ ಇದರಲ್ಲಿಲ್ಲ. ಅಂಗಡಿ ಮುಚ್ಚುವಾಗ ಯಂತ್ರವನ್ನೂ ಆರಿಸುವ ಕಡೆ ದಿನದ ವರದಿಯನ್ನು ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಟೈಮರಿಗೆ ಬಿಟ್ಟು, ಅದರ ಪರ್ಸಿಸ್ಟೆಂಟ್ ಆಯ್ಕೆ ಆನ್ ಮಾಡುವುದು ಉತ್ತಮ. ತಪ್ಪಿದ ಸರದಿಯನ್ನು ಅದು ಯಂತ್ರ ಎದ್ದ ಮೇಲೆ ಓಡಿಸುತ್ತದೆ.

ಕೆಲಸದ ಆರ್ಗ್ಯುಮೆಂಟ್‌ಗಳು (ಫಂಕ್ಷನ್ನಿಗೆ ಕೊಡುವ ಮೌಲ್ಯಗಳು) ಪಿಕಲ್ ರೂಪದಲ್ಲಿ, ಅಂದರೆ ಆ ಕ್ಷಣದ ಪ್ರತಿಯಾಗಿ, ಸರತಿಗೆ ಸೇರುತ್ತವೆ. ಇಡೀ ಪಟ್ಟಿಯ ಆಬ್ಜೆಕ್ಟ್ ಕಳುಹಿಸಿದರೆ, ಕಾಯುವ ಅವಧಿಯಲ್ಲಿ ಗುಮಾಸ್ತರು ದರ ತಿದ್ದಿದ್ದರೂ ಹಳೆಯ ದರದ್ದೇ ಸಂದೇಶ ಹೋಗುತ್ತದೆ. ಪಟ್ಟಿಯ ಸಂಖ್ಯೆ ಮಾತ್ರ ಕಳುಹಿಸಿ ಉಳಿದದ್ದನ್ನು ವರ್ಕರ್ ತಾನೇ ಓದಿಕೊಳ್ಳುವಂತೆ ಬರೆಯಬೇಕು.

ಕೊರತೆಯೆಂದು ಹೇಳಲೇಬೇಕಾದದ್ದು ಕಣ್ಣಿಗೆ ಕಾಣುವ ಫಲಕದ ಕೊರತೆ. ಇದೇ ಕೆಲಸದ ಇನ್ನೊಂದು ಪೈಥಾನ್ ಲೈಬ್ರರಿಯಾದ ಸೆಲೆರಿಗೆ ಫ್ಲವರ್ ಎಂಬ ಫಲಕವಿದೆ, ಏರ್‌ಫ್ಲೋದ ಪರದೆಯಂತೂ ಅದರ ದೊಡ್ಡ ಆಕರ್ಷಣೆ. ನಾವು ಬಳಸುವ ಸರಣಿಯ ಹ್ಯೂಯಿಯೊಳಗೆ ಅಂಥದ್ದೇನೂ ಸಿಗಲಿಲ್ಲ. ಕೆಲಸ ಮುಗಿದಾಗ, ಸೋತಾಗ ಅದು ಹೊರಡಿಸುವ ಸಿಗ್ನಲ್‌ಗಳನ್ನು ಹಿಡಿದು ನಮ್ಮದೇ ಕೋಷ್ಟಕಕ್ಕೆ ಬರೆದು, ಗುಮಾಸ್ತರಿಗೆ ಅರ್ಥವಾಗುವ ಕನ್ನಡದಲ್ಲಿ ‘ಸಂದೇಶ ಹೋಗಿಲ್ಲ’ ಎಂದು ತೋರಿಸುವ ಪುಟ ಕಟ್ಟಿದ್ದೇವೆ. ಸೆಲೆರಿ ಇದಕ್ಕಿಂತ ದೊಡ್ಡದು, ಬಲಶಾಲಿಯೂ ಹೌದು, ಆದರೆ ಅದಕ್ಕೆ ರೆಡಿಸ್ ಅಥವಾ ರ‍್ಯಾಬಿಟ್‌ಎಂಕ್ಯೂವಿನಂಥ ಬ್ರೋಕರ್ (ಸರತಿಯನ್ನು ನೋಡಿಕೊಳ್ಳುವ ಪ್ರತ್ಯೇಕ ಸರ್ವರ್) ಬೇಕು. ಸೆಲೆರಿಯೂ ಪೂರ್ವನಿಯೋಜಿತವಾಗಿ ಕೆಲಸ ನಡೆಯುವ ಮುಂಚೆಯೇ ಸ್ವೀಕೃತಿ ಕೊಟ್ಟು ಅದನ್ನು ಸರತಿಯಿಂದ ತೆಗೆಸುವುದರಿಂದ ಬಾಕಿ ಕಾಲಂ ಇಡುವ ಶ್ರಮ ಅಲ್ಲೂ ತಪ್ಪುವುದಿಲ್ಲ. ಲೆಕ್ಕವೆಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲೇ ಇರುವವರು ಮಾತ್ರ ಇನ್ನೊಂದು ದಾರಿ ನೋಡಬಹುದು: 2016ರಲ್ಲಿ ಬಂದ 9.5ನೇ ಆವೃತ್ತಿಯಿಂದ ಅದರಲ್ಲಿ ‘ಸ್ಕಿಪ್ ಲಾಕ್ಡ್’ ಇದೆ, ಬೇರೆ ವರ್ಕರ್ ಹಿಡಿದ ಸಾಲುಗಳನ್ನು ದಾಟಿ ಮುಂದಿನದನ್ನು ಎತ್ತಿಕೊಳ್ಳುವ ಸರತಿಯನ್ನು ಅದೇ ಡೇಟಾಬೇಸಿನಲ್ಲಿ ಕಟ್ಟಬಹುದು, ಪಟ್ಟಿ ಮತ್ತು ಕೆಲಸ ಎರಡೂ ಒಂದೇ ಕಮಿಟ್‌ನಲ್ಲಿ ಸೇರುತ್ತವೆ.

ಹ್ಯೂಯಿಯನ್ನೇ ಆರಿಸಿಕೊಂಡವರು ಕನ್ಸ್ಯೂಮರನ್ನು ಸಿಸ್ಟಂಡಿ ಸೇವೆಯಾಗಿ ಓಡಿಸುವಾಗ ನಿಲ್ಲಿಸುವ ಸಿಗ್ನಲ್ ಬದಲಿಸಬೇಕು. ಸಿಸ್ಟಂಡಿ ಸಾಮಾನ್ಯವಾಗಿ ಕಳುಹಿಸುವುದು ಸಿಗ್‌ಟರ್ಮ್; ಅದು ಬಂದರೆ ಹ್ಯೂಯಿ ನಡೆಯುತ್ತಿರುವ ಕೆಲಸವನ್ನು ನಡುವೆಯೇ ತುಂಡರಿಸುತ್ತದೆ. ಸಿಗ್‌ಇಂಟ್ ಬಂದರೆ ಕೈಯಲ್ಲಿರುವುದನ್ನು ಮುಗಿಸಿ ನಿಲ್ಲುತ್ತದೆ. ಸೇವೆಯ ಕಡತದಲ್ಲಿ ಕಿಲ್‌ಸಿಗ್ನಲ್ ಎಂಬಲ್ಲಿ ಸಿಗ್‌ಇಂಟ್ ಎಂದು ಬರೆದು, ನಿಲ್ಲಲು ಕೊಡುವ 90 ಸೆಕೆಂಡುಗಳ ಸಾಮಾನ್ಯ ಗಡುವು ಅತಿ ದೊಡ್ಡ ಪಿಡಿಎಫ್‌ಗೂ ಸಾಕಾಗುತ್ತದೆಯೇ ಎಂದು ನೋಡಿಕೊಂಡರೆ, ಹೊಸ ಆವೃತ್ತಿ ಹಾಕುವಾಗ ಯಾವ ಪಟ್ಟಿಯೂ ‘ನಡೆಯುತ್ತಿದೆ’ ಎಂಬಲ್ಲಿ ಸಿಕ್ಕಿ ಉಳಿಯುವುದಿಲ್ಲ.