ಲೆನ್ಸನ್ನು ದೂರುವ ಮೊದಲು ಝಳ ನೋಡಿ

ಮಧ್ಯಾಹ್ನದ ಬಿಸಿಲಲ್ಲಿ ವಿಮಾನ ನಿಲ್ದಾಣದ ಬೇಲಿಯ ಹೊರಗಿನಿಂದ, ದೂರದ್ದನ್ನು ಹತ್ತಿರ ತೋರಿಸುವ 600 ಎಂಎಂ ಲೆನ್ಸಿನಲ್ಲಿ ತೆಗೆದ ವಿಮಾನಗಳ ಚಿತ್ರಗಳೆಲ್ಲ ಮಸುಕಾಗಿ, ಅಷ್ಟನ್ನೂ ಅಳಿಸಬೇಕಾಯಿತು. ಅದಕ್ಕಿಂತ ದೊಡ್ಡ ಎಡವಟ್ಟು ಆಮೇಲಿನದು. ಲೆನ್ಸೇ ಕೆಟ್ಟಿದೆ ಅಂದುಕೊಂಡು ಕ್ಯಾಮೆರಾದ ಫೋಕಸ್ ತಿದ್ದುಪಡಿಯನ್ನು, ಅಂದರೆ ಫೋಕಸ್ ಕೂರುವ ಜಾಗವನ್ನು ಹಿಂದೆ ಮುಂದೆ ಸರಿಸುವ ಸೆಟ್ಟಿಂಗನ್ನು, +8ಕ್ಕೆ ಏರಿಸಿದ್ದು. ಮರುದಿನ ಬೆಳಗಿನ ತಿಳಿಯಾದ ಬೆಳಕಿನಲ್ಲಿ ಸಿಕ್ಕ ವಿಮಾನಗಳೂ ಆ +8ರಿಂದ ಮಸುಕಾದವು. ಲೆನ್ಸಿನಲ್ಲಿ ಏನೂ ತೊಂದರೆ ಇರಲಿಲ್ಲ. ಕೆಡಿಸಿದ್ದು ಝಳ, ಕಾದ ನೆಲದಿಂದೇಳುವ ಬಿಸಿಗಾಳಿಯ ಕದಡು.

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಪೂರ್ತಿ ಹಿಗ್ಗಿಸಿ ಕಿಟಕಿ ಸಾಲು ನೋಡಿ. ಒಂದು ಕಿಟಕಿ ಉದ್ದ, ಪಕ್ಕದ್ದು ಚಪ್ಪಟೆ, ಮೂರನೆಯದು ಕರಗಿದ ಮೇಣದ ಹಾಗೆ. ಒಡಲುದ್ದಕ್ಕೆ ಬಳಿದ ನೇರ ಪಟ್ಟಿ ಅಲೆಅಲೆಯಾಗಿರುತ್ತದೆ. ಚಕ್ರಗಳು ಕಲಸಿಹೋಗಿದ್ದು ಬಾಲದ ತುದಿ ಒಂದಿಷ್ಟು ಚೊಕ್ಕವಾಗಿದ್ದರಂತೂ ಅನುಮಾನವೇ ಬೇಡ, ಝಳ ನೆಲದ ಹತ್ತಿರವೇ ಹೆಚ್ಚು.

ಲೆನ್ಸಿನ ದೋಷವೋ ಝಳವೋ ಎಂದು ತಿಳಿಯಲು ಕ್ಯಾಮೆರಾವನ್ನು ಟ್ರೈಪಾಡಿಗೆ ಹಾಕಿ, ನಿಂತ ವಿಮಾನದ ನೋಂದಣಿ ಅಕ್ಷರಗಳ ಮೇಲೆ ಫೋಕಸ್ ಕೂರಿಸಿ, ಹತ್ತು ಚಿತ್ರ ಒಂದೇ ಸಮನೆ ತೆಗೆಯಿರಿ. ಅಕ್ಷರಗಳ ಆಕಾರ ಚಿತ್ರದಿಂದ ಚಿತ್ರಕ್ಕೆ ಬದಲಾದರೆ ಝಳ. ಹತ್ತರಲ್ಲೂ ಒಂದೇ ಥರ ಮಸುಕಿದ್ದರೆ ಮಾತ್ರ ಫೋಕಸನ್ನೋ ಲೆನ್ಸನ್ನೋ ಅನುಮಾನಿಸಿ. ತಿದ್ದುಪಡಿಯನ್ನು ಮುಟ್ಟಲೇಬೇಕಿದ್ದರೆ ಮುಂಜಾನೆಯ ತಂಪಿನಲ್ಲಿ, ಇಪ್ಪತ್ತು ಮೂವತ್ತು ಮೀಟರ್ ದೂರದ ವಸ್ತುವಿನ ಮೇಲೆ ಪರೀಕ್ಷಿಸಿ. ಬಿಸಿಲಲ್ಲಿ ಮಾತ್ರ ಬೇಡವೇ ಬೇಡ.

ಕಾರಣ ಸರಳ. ಬಿಸಿ ಗಾಳಿಯೂ ತಣ್ಣನೆಯ ಗಾಳಿಯೂ ಬೆಳಕನ್ನು ಬಾಗಿಸುವ ಪ್ರಮಾಣ ಬೇರೆ ಬೇರೆ. ಕಾದ ಕಾಂಕ್ರೀಟಿನ ಮೇಲೆ ಅವೆರಡೂ ಕಲಸುತ್ತಲೇ ಇರುತ್ತವೆ. ಫುಲ್ ಫ್ರೇಮ್ (36 ಎಂಎಂ ಅಗಲದ ಸೆನ್ಸರಿನ) ಕ್ಯಾಮೆರಾದಲ್ಲಿ 37.57 ಮೀಟರ್ ಉದ್ದದ ಏರ್‌ಬಸ್ ಎ320 ವಿಮಾನ ಚೌಕಟ್ಟು ತುಂಬಬೇಕಾದರೆ 200 ಎಂಎಂಗೆ ಸುಮಾರು 210 ಮೀಟರ್ ದೂರ ಸಾಕು, 600 ಎಂಎಂಗೆ ಸುಮಾರು 630 ಮೀಟರ್. ಚಿತ್ರದಲ್ಲಿ ವಿಮಾನ ಅಷ್ಟೇ ದೊಡ್ಡದು, ನಡುವಿನ ಕದಡಿದ ಗಾಳಿ ಮಾತ್ರ ಮೂರು ಪಟ್ಟು. ಉದ್ದದ ಲೆನ್ಸಿಗೆ ದುಡ್ಡು ಸುರಿದವರೇ ಹೆಚ್ಚು ನಿರಾಶರಾಗುವುದು ಇಲ್ಲೇ.

ಶಟರ್ ವೇಗವನ್ನು 1/4000 ಸೆಕೆಂಡಿಗೆ ಏರಿಸಿದರೂ ಪ್ರಯೋಜನವಿಲ್ಲ, ಬಾಗಿದ ಬೆಳಕು ಬಾಗಿದಂತೆಯೇ ದಾಖಲಾಗುತ್ತದೆ. ಬೆಳಕು ಒಳಬಿಡುವ ಕಿಂಡಿ, ಅಪರ್ಚರ್, ಕಿರಿದು ಮಾಡಿದರೂ ಅಷ್ಟೆ. ಕಂಪ್ಯೂಟರಿನಲ್ಲಿ ಶಾರ್ಪ್ ಮಾಡಿದರೆ ಅಲೆಗಳೇ ಎದ್ದು ಕಾಣುತ್ತವೆ.

ಬಿಸಿಲೇರುವ ಮೊದಲೇ ಹೋಗಿ. ದಟ್ಟ ಮೋಡ ಕವಿದ ದಿನ, ಮಳೆ ನಿಂತ ಮೇಲಿನ ಹೊತ್ತು ಕೂಡ ಒಳ್ಳೆಯದು. ನಡುವೆ ಕಾಂಕ್ರೀಟಿಗಿಂತ ಹುಲ್ಲು ಹೆಚ್ಚಿರುವ ಕಡೆ ನಿಲ್ಲಿ. ನೆಲಮಟ್ಟಕ್ಕಿಂತ ಪಾರ್ಕಿಂಗ್ ಕಟ್ಟಡದ ಮೇಲಂತಸ್ತು ಮೇಲು, ನೋಟ ಬಿಸಿ ಪದರದಿಂದ ಬೇಗ ಹೊರಬೀಳುತ್ತದೆ. ಮಧ್ಯಾಹ್ನವೇ ಗತಿ ಎನ್ನುವುದಾದರೆ ವಿಮಾನಗಳು ನೆಲದ ಮೇಲೆ ಸಾಗುವ ಟ್ಯಾಕ್ಸಿವೇ ಬಿಟ್ಟು, ಇಳಿಯಲು ಬರುವ ವಿಮಾನಗಳ ದಾರಿಗೆ ಹತ್ತಿರ ಹೋಗಿ ಆಕಾಶದತ್ತ ತೆಗೆಯಿರಿ. ಕೆರಿಬಿಯನ್‌ನ ಸೇಂಟ್ ಮಾರ್ಟನ್ ದ್ವೀಪದಲ್ಲಿ, ರನ್‌ವೇ ತುದಿಗೆ ಅಂಟಿಕೊಂಡಿರುವ ಮಾಹೋ ಕಡಲತೀರದಲ್ಲಿ ವಿಮಾನ ತಲೆಯ ಮೇಲೇ ಹಾದುಹೋಗುತ್ತದೆ. ಅಲ್ಲಿ ಚಿಕ್ಕ ಲೆನ್ಸೇ ಸಾಕು, ನಡುವೆ ಇರುವ ಗಾಳಿಯೂ ಕಡಿಮೆ. ಆದರೆ ಹೊರಡುವ ವಿಮಾನದ ಹಿಂದಿನ ಬೇಲಿಗೆ ನೇತಾಡಬೇಡಿ, 2017ರಲ್ಲಿ ಜೆಟ್ ಗಾಳಿಯ ಹೊಡೆತಕ್ಕೆ ಒಬ್ಬ ಪ್ರವಾಸಿ ಅಲ್ಲಿ ಜೀವ ಕಳೆದುಕೊಂಡಿದ್ದಾರೆ.

ಝಳವನ್ನು ನಾವೇ ಹುಟ್ಟಿಸಿಕೊಳ್ಳುವುದೂ ಉಂಟು. ಎಸಿ ಕಾರಿನ ಕಿಟಕಿ ಇಳಿಸಿ, ಒಳಗೇ ಕೂತು ತೆಗೆದರೆ ತಂಪು ಗಾಳಿ ಲೆನ್ಸಿನ ಮುಂದೆಯೇ ಬಿಸಿಗಾಳಿಯೊಡನೆ ಬೆರೆಯುತ್ತದೆ. ಕಾದ ಬಾನೆಟ್ಟಿನ ಮೇಲಿಂದ ತೆಗೆದರೂ ಅದೇ ಪಾಡು. ಲೆನ್ಸಿನ ಮುಂದೆ ಬಿಸಿಲು ತಡೆಯಲು ಹಾಕುವ ಉದ್ದನೆಯ ಹುಡ್ ಒಳಗೆ ಬಿಸಿಗಾಳಿ ನಿಂತಿದೆ ಅನ್ನಿಸಿದರೆ ಕಳಚಿ ನೋಡಿ.

ಸಂಗ್ರಹಾಲಯದ ಹಳೆಯ ವಿಮಾನಗಳು ಕದಲುವುದಿಲ್ಲ, ಹಾಗಾಗಿ ದೂರದಿಂದ ತೆಗೆಯುವ ಹಟ ಬೇಕಿಲ್ಲ. ಜರ್ಮನಿಯ ಸಿನ್ಸ್‌ಹೈಮ್‌ನ ಸಂಗ್ರಹಾಲಯದಲ್ಲಿ ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಪ್ರಯಾಣಿಕ ವಿಮಾನಗಳಾದ ಕಾಂಕಾರ್ಡ್ ಮತ್ತು ಟಿಯು-144 ಎರಡೂ ಛಾವಣಿಯ ಮೇಲಿವೆ, ಮೆಟ್ಟಿಲು ಹತ್ತಿ ಒಳಗೇ ಹೋಗಬಹುದು. ಸುಡುವ ಮಧ್ಯಾಹ್ನದಲ್ಲೂ 24 ಎಂಎಂ ಲೆನ್ಸಿನಲ್ಲಿ, ಐದಾರು ಮೀಟರಿನಿಂದ, ಮೂತಿಯ ರಿವೆಟ್ಟುಗಳನ್ನು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ ಚಿತ್ರ ಸಿಗುತ್ತದೆ.