ಬಿಟ್‌ಕಾಯಿನ್ ಮೈನರ್‌ನಿಂದ ಮನೆ ಬೆಚ್ಚಗೆ: ಕೆಲವು ಚಳಿಗಾಲ ಬಳಸಿದ ಮೇಲೆ

ಬಿಟ್‌ಕಾಯಿನ್ ಮೈನರ್ ಅಂದರೆ ಬಿಡದೆ ಲೆಕ್ಕ ಮಾಡಿ, ಅದಕ್ಕೆ ಪ್ರತಿಯಾಗಿ ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ ದುಡಿಯುವ ಕಂಪ್ಯೂಟರ್. ಮನೆಯಲ್ಲಿಟ್ಟರೆ ಇದನ್ನು ಹೀಟರ್ ಅಂತಲೇ ಅಳೆಯಬೇಕು. ಬಂದ ಕಾಯಿನ್ ಕರೆಂಟ್ ಬಿಲ್ಲಿಗೆ ಸಿಕ್ಕ ರಿಯಾಯಿತಿ, ಅಷ್ಟೇ.

ನನ್ನದು ನೀರಿನಿಂದ ತಣಿಸುವ 5 ಕಿಲೋವ್ಯಾಟ್ ಯಂತ್ರ. ಅದರ ಶಾಖ ಹೀಟ್ ಎಕ್ಸ್‌ಚೇಂಜರ್ (ನೀರು ಬೆರೆಯದೆ ಶಾಖ ಮಾತ್ರ ದಾಟಿಸುವ ಸಾಧನ) ಮೂಲಕ 300 ಲೀಟರ್ ಟ್ಯಾಂಕಿಗೆ, ಅಲ್ಲಿಂದ ನೆಲದಡಿಯ ಪೈಪುಗಳಿಗೆ ಹೋಗುತ್ತದೆ. ಚಿಪ್ ಎಳೆದುಕೊಂಡ ಕರೆಂಟೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಅಷ್ಟೇ ಕಿಲೋವ್ಯಾಟಿನ ಕಾಯಿಲ್ ಹೀಟರ್ ಎಷ್ಟು ಕೊಡುತ್ತದೋ ಇದೂ ಅಷ್ಟೇ ಕೊಡುತ್ತದೆ.

ಆದರೆ ಹೊರಬರುವ ನೀರು 50 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ. ನೆಲದಡಿಯ ಪೈಪಿಗೆ 35–40 ಸಾಕು, ಹಾಗಾಗಿ ನನಗೆ ಸರಿಹೋಯಿತು. ಬಿಸಿನೀರು ಹರಿಸಿ ಕೋಣೆ ಬೆಚ್ಚಗಿಡುವ ಹಳೆಯ ರೇಡಿಯೇಟರ್‌ಗಳು 60–70 ಕೇಳುತ್ತವೆ. ಅಂಥ ಕಟ್ಟಡಕ್ಕೆ ಇದು ಬೇಡ. ಸ್ನಾನದ ನೀರಿಗೂ ಇದೊಂದನ್ನೇ ನಂಬಬೇಡಿ. ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಿರಲು ಟ್ಯಾಂಕ್ 60 ಡಿಗ್ರಿ ಮುಟ್ಟಬೇಕು, ಅದಕ್ಕೆ ಬೇರೆ ಕಾಯಿಲ್ ಇಡಬೇಕು.

ನಿಜವಾದ ತಲೆನೋವು ಕಂಟ್ರೋಲ್. ಮೈನರ್‌ಗೆ ಪದೇ ಪದೇ ಆನ್-ಆಫ್ ಆಗಿಬರುವುದಿಲ್ಲ. ಟ್ಯಾಂಕ್ ಇರುವುದೇ ಅದಕ್ಕೆ. 5 ಕಿಲೋವ್ಯಾಟ್ ಶಾಖ 300 ಲೀಟರ್ ನೀರನ್ನು 10 ಡಿಗ್ರಿ ಏರಿಸಲು ಸುಮಾರು 42 ನಿಮಿಷ ಬೇಕು, ಅಷ್ಟು ಹೊತ್ತು ಯಂತ್ರ ನೆಮ್ಮದಿಯಾಗಿ ಓಡುತ್ತದೆ. ಚಳಿ ಕಡಿಮೆ ಇದ್ದಾಗ ಬಂದ್ ಮಾಡುವ ಬದಲು ಪವರ್ ಇಳಿಸಿ ಓಡಿಸುತ್ತೇನೆ. ಹಾಗೆ ಓಡಿಸಿದಾಗ ಪ್ರತಿ ವ್ಯಾಟ್‌ಗೆ ಸಿಗುವ ಹ್ಯಾಶ್ (ಮೈನರ್ ಮಾಡುವ ಒಂದೊಂದು ಲೆಕ್ಕ) ಕೂಡ ಜಾಸ್ತಿ.

ಇನ್ನೊಂದು ವಿಚಿತ್ರ ಇದೆ. ಇಂಟರ್‌ನೆಟ್ ಹೋದರೆ ಮನೆ ತಣ್ಣಗಾಗುತ್ತದೆ! ಪೂಲ್‌ನಿಂದ (ಹಲವು ಮೈನರ್‌ಗಳಿಗೆ ಕೆಲಸ ಹಂಚಿ, ಬಂದ ಕಾಯಿನ್ ಪಾಲು ಮಾಡುವ ಆನ್‌ಲೈನ್ ಸೇವೆಯಿಂದ) ಕೆಲಸ ಬರದಿದ್ದರೆ ಲೆಕ್ಕ ನಿಲ್ಲುತ್ತದೆ, ಲೆಕ್ಕ ನಿಂತರೆ ಶಾಖವೂ ಇಲ್ಲ. ಸೆಟ್ಟಿಂಗ್‌ನಲ್ಲಿ ಎರಡನೇ, ಮೂರನೇ ಪೂಲ್‌ನ ವಿಳಾಸವನ್ನೂ ತುಂಬಿಸಿಡಿ. ಆದರೆ ಇಂಟರ್‌ನೆಟ್ ಲೈನೇ ಸತ್ತರೆ ಅದರಿಂದಲೂ ಏನೂ ಆಗದು, ಬ್ಯಾಕಪ್ ಹೀಟರ್ ಇರಲೇಬೇಕು.

ಸದ್ದು? ಪಂಪಿನ ಗುಂಯ್ ಮಾತ್ರ. ಫ್ಯಾನ್ ಇರುವ ಮಾದರಿಗಳು 75 ಡೆಸಿಬೆಲ್‌ವರೆಗೆ ಕಿರುಚುತ್ತವೆ, ಪಕ್ಕದ ಕೋಣೆಯಲ್ಲೂ ಮಲಗಲಾಗದು. ಪ್ಲಂಬಿಂಗ್‌ನಲ್ಲಿ ಅಲ್ಯೂಮಿನಿಯಂ, ತಾಮ್ರ ಎರಡನ್ನೂ ಒಂದೇ ನೀರಿಗೆ ಸೇರಿಸಬೇಡಿ, ತುಕ್ಕು ಹಿಡಿಯುತ್ತದೆ.

ಈಗ ದುಡ್ಡು. ಹೊರಗಿನ ಶಾಖವನ್ನು ಮನೆಯೊಳಗೆ ಎಳೆದು ತರುವ ಒಳ್ಳೆಯ ಹೀಟ್ ಪಂಪ್ 1 ಯೂನಿಟ್ ಕರೆಂಟಿಗೆ ಸುಮಾರು 3 ಯೂನಿಟ್ ಶಾಖ ಕೊಡುತ್ತದೆ. ಅದಕ್ಕೆ ಸರಿಗಟ್ಟಬೇಕಾದರೆ ಮೈನರ್ ತಾನು ತಿಂದ ಕರೆಂಟಿನ ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ದುಡಿದು ಕೊಡಬೇಕು. ಕಾಯಿಲ್ ಹೀಟರ್‌ಗೆ ಬದಲಾಗಿ ಇಟ್ಟರೆ ಬಂದಷ್ಟೂ ಲಾಭವೇ, ಅಲ್ವಾ? ನನ್ನದು ಈ ಎರಡನೇ ಲೆಕ್ಕ. ಆದರೂ 2024ರ ಏಪ್ರಿಲ್‌ನಲ್ಲಿ ಬ್ಲಾಕ್ ಬಹುಮಾನ (ಬಿಟ್‌ಕಾಯಿನ್ ವಹಿವಾಟುಗಳ ಹೊಸ ಕಂತು, ಅಂದರೆ ಬ್ಲಾಕ್, ಸೇರಿಸಿದವರಿಗೆ ಸಿಗುವ ಕಾಯಿನ್) 6.25ರಿಂದ 3.125 ಬಿಟ್‌ಕಾಯಿನ್‌ಗೆ ಇಳಿದಾಗ ರಿಯಾಯಿತಿ ಹೆಚ್ಚುಕಡಿಮೆ ಅರ್ಧವಾಯಿತು. ಅದರ ಮೇಲೆ ಪ್ರತಿ 2016 ಬ್ಲಾಕ್‌ಗೊಮ್ಮೆ ಡಿಫಿಕಲ್ಟಿ, ಅಂದರೆ ಲೆಕ್ಕದ ಕಷ್ಟದ ಮಟ್ಟ, ಬದಲಾಗುತ್ತದೆ. ಹೊಸ ಯಂತ್ರಗಳು ಬಂದಷ್ಟೂ ಹಳೆಯದರ ಪಾಲು ಕರಗುತ್ತದೆ.

ಬೇಸಿಗೆಯಲ್ಲಿ ಸುಮ್ನೆ ಬಿದ್ದಿರುತ್ತದೆ. ಇಡೀ ಊರಿಗೆ ಬಿಸಿನೀರು ಹಂಚುವ ಜಾಲವಿದ್ದರೆ ಆಗಲೂ ಶಾಖಕ್ಕೆ ಗಿರಾಕಿ ಇರುತ್ತದೆ. ಫಿನ್ಲೆಂಡಿನ ಸಟಕುಂಟಾ ಪ್ರದೇಶದಲ್ಲಿ ಮಾರಾ ಎಂಬ ಬಿಟ್‌ಕಾಯಿನ್ ಮೈನಿಂಗ್ ಕಂಪನಿ 2024ರಲ್ಲಿ 2 ಮೆಗಾವ್ಯಾಟ್ ಯೋಜನೆಯನ್ನು ಅಂಥ ಜಾಲಕ್ಕೇ ಜೋಡಿಸಿತು. ಒಂಟಿ ಮನೆಗೆ ಆ ಅನುಕೂಲ ಇಲ್ಲ.

ಐದಕ್ಕೆ ಮೂರೂವರೆ ಸ್ಟಾರ್. ಕಳೆದ ಒಂದೂವರೆ ಸ್ಟಾರ್ ತಯಾರಕರಿಗೆ. ಹೀಟರ್ ಅಂತ ಮಾರಿದ ಯಂತ್ರಕ್ಕೆ ಥರ್ಮೋಸ್ಟಾಟ್ ವೈರ್ ಸಿಕ್ಕಿಸುವ ಜಾಗವನ್ನೇ ಕೊಟ್ಟಿಲ್ಲ, ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಹಾಕಿ ನಾನೇ ಹೊಂದಿಸಿಕೊಳ್ಳಬೇಕಾಯಿತು.